ಮೈಲಪ್ಪ ಕೂಗಲಿಲ್ಲ

ಹೊಸ ಮನೆಗೆ ಬಣ್ಣ ಬಿದ್ದ ದಿನದಿಂದ ಅದನ್ನು ಕಟ್ಟಿದವರಿಗೆ ಅದರ ನಲ್ಲಿ ಬಂದ್. ಇದು ನಿಮಗೆ ಗೊತ್ತಿರುವ ಸಂಗತಿಯೇ. ನೀವು ಮನೆ ಕಟ್ಟಿಸಿದವರಾದರೆ ಬೀಗ ಹಾಕಿದ್ದು ನೀವೇ. ಕಟ್ಟಿಸದವರಾದರೆ, ಪಕ್ಕದ ಸೈಟಿನ ಹೆಂಗಸು ಕೊಡ ಹಿಡಿದು ನಿಮ್ಮ ಗೇಟಿಗೆ ಬಂದಾಗ ಒಳಗೆ ಹೋಗಿ ಫ್ಯಾನು ಜೋರು ಮಾಡಿಕೊಂಡವರು ನೀವು.

ಮೈಲಪ್ಪನಿಗೆ ಇದು ಇಪ್ಪತ್ತೈದು ವರ್ಷದಿಂದ ಗೊತ್ತು. ಕೊಕ್ಕನೂರಿನವನು, ಈಗ ಹರಿಹರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಜೊತೆಗೆ ಹೆಂಡತಿ ರೇವತಿ. ಹದಿನೆಂಟಕ್ಕೆ ದಾವಣಗೆರೆ ಸೇರಿ, ಖತೀಜಾಬೀ ಎಂಬ ಹೆಂಗಸಿನ ಕೈಕೆಳಗೆ ಕೆಂಪು ಗಾರೆ ನೆಲ ತಿಕ್ಕುವುದನ್ನು ಕಲಿತ. ನೆಲ ಒಣಗಿದೆಯೋ ಇಲ್ಲವೋ ಎಂದು ಮುಂಗೈ ಇಟ್ಟು ನೋಡುವುದನ್ನು ಕಲಿಸಿದ್ದು ಆಕೆಯೇ. "ಅಂಗೈ ಸುಳ್ಳು ಹೇಳ್ತೈತೆ, ಅದು ದಿನಾ ಕೆಲಸ ಮಾಡಿ ದಪ್ಪ ಆಗಿರ್ತೈತೆ. ಮುಂಗೈ ಕೇಳು" ಅನ್ನುತ್ತಿದ್ದಳು. ಆಮೇಲೆ ಟೈಲ್ಸ್ ಬಂತು, ಕೆಂಪು ನೆಲ ಹೋಯಿತು, ಖತೀಜಾಬೀಯೂ ಹೋದಳು. ಮೈಲಪ್ಪ ಹತ್ತು ವರ್ಷ ಸಿಮೆಂಟು ಹೊತ್ತ. ಕೊನೆಗೆ ಕಾಂಕ್ರೀಟಿಗೆ ಬಣ್ಣ ಕುಡಿಸುವ ಈ ಕೆಲಸ ಬಂತು. ಮತ್ತೆ ಮೊಣಕಾಲೂರಿ ನೆಲಕ್ಕೆ ಕೂತ.

ಕೆಲಸ ಹೀಗೆ. ಮನೆ ಮುಂದಿನ ಅಂಗಳಕ್ಕೋ ಕಾರು ನಿಲ್ಲುವ ಜಾಗಕ್ಕೋ ಕಾಂಕ್ರೀಟು ಹಾಕಿ, ಅದು ಚೆನ್ನಾಗಿ ಗಟ್ಟಿಯಾದ ಮೇಲೆ ಮೈಲಪ್ಪನನ್ನು ಕರೆಯುತ್ತಾರೆ. ರೇವತಿ ಸೀಮೆಸುಣ್ಣದಲ್ಲಿ ಚಿತ್ರ ಬರೆಯುತ್ತಾಳೆ. ಆ ಗೆರೆಯ ಮೇಲೆ ಮೈಲಪ್ಪ ಗ್ರೈಂಡರ್ ಓಡಿಸಿ ನೆಲ ಕೊರೆಯುತ್ತಾನೆ. ಆಮೇಲೆ ಆಸಿಡ್ ಬೆರೆತ ಬಣ್ಣ. ಅದು ಪೇಂಟಿನ ಹಾಗೆ ಮೇಲೆ ಕೂರುವುದಿಲ್ಲ, ಸಿಮೆಂಟಿನ ಸುಣ್ಣವನ್ನು ಕಚ್ಚಿ ಒಳಗಿಳಿಯುತ್ತದೆ. ಹೊಡೆದ ಕೂಡಲೇ ಸಣ್ಣಗೆ ನೊರೆ ಏಳುತ್ತದೆ. ಮಾರನೆಯ ದಿನ ನೋಡಿದರೆ ಜೇನು, ಹುಣಸೆಹಣ್ಣು, ಸುಟ್ಟ ಬೆಲ್ಲ, ಏನು ಬಣ್ಣ ಬಂದಿರುತ್ತದೋ ಅದು. ಒಮ್ಮೆ ಬಂದರೆ ಮುಗಿಯಿತು, ಯಾವ ದೇವರು ತಿಕ್ಕಿದರೂ ಹೋಗುವುದಿಲ್ಲ. "ಬಣ್ಣ ನಾವು ಹಾಕಾದಲ್ರಿ, ನೆಲನೇ ಉಗುಳ್ತೈತೆ" ಎಂದು ಮೈಲಪ್ಪ ಮನೆಯವರಿಗೆ ಮೊದಲೇ ಹೇಳಿಬಿಡುತ್ತಾನೆ.

ಅವನು ಹೇಳದೆ ಮುಚ್ಚಿಟ್ಟದ್ದು ಒಂದೇ. ಅವನ ಬಲಗೈಗೆ ಸ್ಪರ್ಶ ಇರಲಿಲ್ಲ.

ವರ್ಷಗಟ್ಟಲೆ ಗ್ರೈಂಡರಿನ ನಡುಕ ಹೊತ್ತ ಬೆರಳುಗಳು ಮೊದಮೊದಲು ಚಳಿಗೆ ಬಿಳಿಚಿಕೊಳ್ಳುತ್ತಿದ್ದವು. ಆಮೇಲೆ ಜೋಮು ಹಿಡಿಯುತ್ತಿದ್ದವು. ಎರಡು ವರ್ಷದ ಹಿಂದೆ ಜೋಮು ಬಂದದ್ದು ಬಿಡಲೇ ಇಲ್ಲ. ಬಿಸಿ ಚಹಾದ ಲೋಟ ಹಿಡಿದರೆ ಲೋಟ ಇದೆ ಎಂದು ಕಣ್ಣು ಹೇಳಬೇಕು. ಅಂಗಿಯ ಗುಂಡಿಯನ್ನು ರೇವತಿ ಹಾಕಬೇಕು. ಡಾಕ್ಟರು ಕೈ ಹಿಂದೆ ಮುಂದೆ ತಿರುಗಿಸಿ ನೋಡಿ, ಮಷಿನ್ ಬಿಡು ಅಂದರು. ಮೈಲಪ್ಪ ಆಗಲಿ ಎಂದು ತಲೆ ಆಡಿಸಿ, ಮಾರನೆಯ ದಿನ ಭಾನುವಳ್ಳಿಯಲ್ಲಿ ಒಂದು ಅಂಗಳ ಕೊರೆದ. ಕೈ ಸತ್ತಿದೆ ಎಂದು ಗೊತ್ತಾದರೆ ಯಾರು ಕರೆಯುತ್ತಾರೆ? ಡಾಕ್ಟರನ್ನು ಬಿಟ್ಟರೆ ಗೊತ್ತಿದ್ದವಳು ರೇವತಿ ಒಬ್ಬಳೇ.

ಎಡಗೈಗೂ ಜೋಮು ಹತ್ತಿ ಅದರ ಮುಂಗೈಯೂ ಸುಳ್ಳು ಹೇಳತೊಡಗಿದ ಮೇಲೆ ಅವನು ಕೆನ್ನೆ ಇಟ್ಟು ನೆಲದ ಹಸಿ ನೋಡುವುದನ್ನು ರೂಢಿ ಮಾಡಿಕೊಂಡ. ಬೋರಲು ಮಲಗಿ, ಕಣ್ಣು ಮುಚ್ಚಿ, ಒಂದು ನಿಮಿಷ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ.

ದಾವಣಗೆರೆಯ ಮಂಡಿಪೇಟೆಯಲ್ಲಿ ಸಗಟು ಅಂಗಡಿ ಇಟ್ಟ ಗುರುಮೂರ್ತಿ, ಹರಿಹರದ ಹೊರಗಿನ ಹೊಸ ಲೇಔಟಿನಲ್ಲಿ ಮನೆ ಕಟ್ಟಿಸಿದ್ದರು. ಗೃಹಪ್ರವೇಶ ಶುಕ್ರವಾರ. ಮೈಲಪ್ಪ ಕೆಲಸ ಹಿಡಿದದ್ದು ಸೋಮವಾರ. ಗುರುಮೂರ್ತಿ ಅಂಗಡಿ ಬಿಟ್ಟು ಬರುವ ಹಾಗಿರಲಿಲ್ಲ. ಕೆಲಸ ನೋಡಿಕೊಳ್ಳಲು ತಾಯಿ ಓಬವ್ವ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೆಟ್ಟ ಹೆಂಗಸಲ್ಲ. ಹತ್ತು ಗಂಟೆಗೆ ಮಂಡಕ್ಕಿ, ಮಿರ್ಚಿ ತರಿಸಿ ಇಬ್ಬರಿಗೂ ಕೊಟ್ಟರು. ಮೈಲಪ್ಪ ನೆಲಕ್ಕೆ ಕೆನ್ನೆ ಇಟ್ಟದ್ದನ್ನು ನೋಡಿ ಅವರ ಕಣ್ಣು ತುಂಬಿತು.

"ಕೆಲಸಕ್ಕೆ ಮುಂಚೆ ಭೂಮಿತಾಯಿಗೆ ನಮಸ್ಕಾರ ಮಾಡ್ತಾನೆ ನೋಡವ್ವ ನಿನ್ ಗಂಡ. ಈಗಿನ ಕಾಲದಾಗೆ ಯಾರು ಮಾಡ್ತಾರೆ?"

"ನಮಸ್ಕಾರ ಅಲ್ರಿ ಅಮ್ಮಾರೆ, ಮುದ್ದು ಮಾಡ್ತಾರೆ" ಅಂದಳು ರೇವತಿ. "ಮನ್ಯಾಗೆ ನಾನು ಒಬ್ಬಾಕಿ ಅದೀನಿ ಅಂತ ನೆಪ್ಪಿಲ್ಲ ಇವ್ರಿಗೆ."

ಓಬವ್ವ ನಕ್ಕು ನಕ್ಕು ಕೆಮ್ಮಿದರು. ಮೈಲಪ್ಪ ಎದ್ದು ಕೆನ್ನೆಯ ಧೂಳು ಒರೆಸಿಕೊಂಡ. ನಮಸ್ಕಾರ ಎಂದೇ ಇರಲಿ ಎಂದುಕೊಂಡ.

ಅಂಗಳಕ್ಕೆ ಕೊರೆಯಬೇಕಾದ ರಂಗೋಲಿ ಓಬವ್ವನದೇ. ಅರವತ್ತು ವರ್ಷ ದಿನಾ ಬೆಳಿಗ್ಗೆ ಬಾಗಿಲಲ್ಲಿ ಬಿಡಿಸಿದವರು. ಈಗ ಮೊಣಕಾಲು ಮಡಚುವುದಿಲ್ಲ. ಅದಕ್ಕೇ ಮಗ, ಕಾಂಕ್ರೀಟಿನಲ್ಲಿ ಒಂದೇ ಸಲ ಕೊರೆಸಿಬಿಡೋಣ ಅಂದದ್ದು. "ಹದಿನೈದು ಚುಕ್ಕಿ, ಎಂಟರ ತನಕ, ಸಂದಿನಾಗೆ ಇಡು. ಏ ತಂಗಿ, ಅಲ್ಲಲ್ಲ, ಆ ಎಸಳು ಹೊಳ್ಳಿ ಬರಬೇಕು" ಎಂದು ಕೂತಲ್ಲಿಂದಲೇ ಗಾಳಿಯಲ್ಲಿ ಬೆರಳಾಡಿಸಿದರು. ರೇವತಿ ಬರೆದಳು. ಸಂಜೆಯ ಹೊತ್ತಿಗೆ ಮೈಲಪ್ಪ ಕೊರೆದು ಮುಗಿಸಿದ. ನೀರು ಬಿಟ್ಟುಕೊಂಡು ಕೊರೆದರೆ ಧೂಳು ಏಳುವುದಿಲ್ಲ. ಆದರೆ ರಾಡಿ ಸಿಡಿದು ಹೊಸ ಗೋಡೆಗೆ ಹಾರುತ್ತದೆ. ನೀರಿಲ್ಲದೆ ಒಣದಾಗಿಯೇ ಕೊರಿ ಎಂದು ಗುರುಮೂರ್ತಿ ಫೋನಿನಲ್ಲಿ ಹೇಳಿದ್ದರು. ಹಾಗೆಯೇ ಕೊರೆದ. ಬಾಯಿಗೆ ಟವೆಲು ಸುತ್ತಿಕೊಂಡು.

ನೀರು ಹೇಗಿದ್ದರೂ ಇರಲಿಲ್ಲ. ಭಾನುವಾರ ಸಂಪು ತೊಳೆಸಿ, ಹೊಸ ನೀರು ತುಂಬಿಸಿ, ಮುಚ್ಚಳಕ್ಕೂ ಹೊರಗಿನ ನಲ್ಲಿಗೂ ಬೀಗ ಹಾಕಿಯಾಗಿತ್ತು. ಶುಕ್ರವಾರ ಬೆಳಿಗ್ಗೆ ಗಂಗೆ ಪೂಜೆ ಆಗುವ ತನಕ ಆ ನೀರು ಯಾರೂ ಮುಟ್ಟುವ ಹಾಗಿಲ್ಲ. ಬೀಗದ ಕೈ ಓಬವ್ವನ ಸೆರಗಿನ ಗಂಟಿನಲ್ಲಿತ್ತು. ಮೈಲಿಗೆ ಎನ್ನುವ ಮಾತನ್ನು ಯಾರೂ ಬಾಯಿಗೆ ತರಲಿಲ್ಲ. ಈಗೆಲ್ಲ ಯಾರೂ ತರುವುದಿಲ್ಲ, ಬೀಗ ತರುತ್ತಾರೆ.

ರೇವತಿ ಸೋಮವಾರವೇ ಕೇಳಿದ್ದಳು. "ಅಮ್ಮಾರೆ, ಆಸಿಡ್ ಕೆಲಸ ಐತ್ರಿ. ಒಂದು ಡ್ರಮ್ ನೀರು ಬಗಲಾಗೆ ಇರಬೇಕು."

"ಆ ಕಡೆ ಸೈಟ್ನಾಗೆ ಕೇಳಿ ತಂದ್ಕೊಳ್ಳವ್ವ. ಪೂಜೆ ನೀರು ಬ್ಯಾಡ."

ಆ ಕಡೆಯ ಸೈಟಿನವರು ಎರಡು ಬಕೆಟ್ ಕೊಟ್ಟರು.

ಮಂಗಳವಾರ ಬೆಳಿಗ್ಗೆ ಒಂದು ಬಕೆಟ್ ಧೂಳು ತೊಳೆಯಲು ಹೋಯಿತು. ಇನ್ನೊಂದು, ಬಣ್ಣ ಕುಡಿದ ಮೇಲೆ ನೆಲದ ಆಸಿಡ್ ಸತ್ವ ಇಳಿಸಲು ಬೇಕಾದ ಅಡುಗೆ ಸೋಡಾ ನೀರಿಗೆ. ಮೈಲಪ್ಪ ಕೈಗವಸು ಹಾಕಿಕೊಂಡ. ಬಲಗೈಯ ಗವಸಿನ ಎರಡು ಬೆರಳಿನ ತುದಿ ಹಿಂದಿನ ದಿನ ಬ್ಲೇಡಿಗೆ ತಾಗಿ ಹರಿದಿತ್ತು. ರೇವತಿ ಟೇಪು ಸುತ್ತಿಕೊಟ್ಟಳು. ಅವನು ಬ್ರಷ್ಷು ಅದ್ದಿ, ಕೊರೆದ ಗೆರೆಗಳೊಳಗೆ ಬಣ್ಣ ತುಂಬುತ್ತ ಹೋದ. ಒಂದು ಗಂಟೆ. ಒಂದೂವರೆ. ಬಿಸಿಲು ಏರಿತು. ಆ ಕಡೆಯ ಅಂಚಿನಲ್ಲಿದ್ದ ರೇವತಿ ಮುಗಿದ ಭಾಗಕ್ಕೆ ಸೋಡಾ ನೀರು ಹಾಕುತ್ತ ಬಂದಳು. ಬಕೆಟ್ ಬರಿದಾಯಿತು.

ಅವಳು ಮೊದಲು ನೋಡಿದ್ದು ಗಂಡನ ಕೈಯನ್ನಲ್ಲ, ನೆಲವನ್ನು. ಅಂಚಿನ ಆಚೆ, ಬಣ್ಣ ತಾಗಬಾರದ ಬೂದು ಕಾಂಕ್ರೀಟಿನ ಮೇಲೆ ನಾಲ್ಕು ಕಡೆ ನೊರೆ ಏಳುತ್ತಿತ್ತು.

"ಏನ್ರಿ ಇದು? ಗೆರೆ ಬಿಟ್ಟು ಹೊರಗೆ ಚೆಲ್ಲೀರಿ? ಕಣ್ಣೂ ಹೋದ್ವಾ?"

ಮೈಲಪ್ಪ ನೋಡಿದ. ಅವನು ಎಂದೂ ಹೊರಗೆ ಚೆಲ್ಲಿದವನಲ್ಲ. ಬೆರಳೂರಿ ಕೂತ ಜಾಗಗಳು ಅವು. ರೇವತಿ ಅವನ ಕೈ ಎಳೆದು ಗವಸು ಬಿಚ್ಚಿದಳು. ಟೇಪು ಆಸಿಡ್ಡಿಗೆ ನೆನೆದು ಯಾವಾಗಲೋ ಬಿಟ್ಟುಕೊಂಡಿತ್ತು. ಒಳಗಿಳಿದದ್ದು ಒಳಗೇ ನಿಂತಿತ್ತು. ಗವಸಿನ ಜೊತೆ ತೋರುಬೆರಳಿನ, ನಡುಬೆರಳಿನ ಚರ್ಮ ಬೆಳ್ಳುಳ್ಳಿ ಸಿಪ್ಪೆಯ ಹಾಗೆ ಬಂತು.

ಮೈಲಪ್ಪ ಆ ಕೈಯನ್ನು ನೋಡುತ್ತ ನಿಂತ. ಅಂಗಡಿಯಲ್ಲಿ ತೂಗುಹಾಕಿದ ಏನನ್ನೋ ನೋಡಿದ ಹಾಗೆ. ಉರಿ ಇಲ್ಲ. ನೋವಿಲ್ಲ. ಇದಕ್ಕೆ ನೀರು ಹಾಕಬೇಕು ಅಂದುಕೊಂಡ, ಅಷ್ಟೆ. ಕುಡಿಯುವ ಬಾಟಲಿಯಲ್ಲಿ ಉಳಿದಿದ್ದ ನೀರನ್ನು ರೇವತಿ ಸುರಿದಳು. ನಾಲ್ಕು ಗುಟುಕಿನಷ್ಟಿತ್ತು.

"ಅಮ್ಮಾರೆ, ನಳ ತೆಗೀರಿ! ಕೈ ಸುಟ್ಟೈತ್ರಿ!"

ಓಬವ್ವ ಕುರ್ಚಿಯಿಂದ ಎದ್ದರು. ಕೈ ಸೆರಗಿನ ಗಂಟಿಗೆ ಹೋಯಿತು, ಅಲ್ಲೇ ನಿಂತಿತು. "ತಡಿ ತಂಗಿ. ಗುರುನ್ನ ಒಂದ್ ಮಾತು ಕೇಳ್ತೀನಿ."

ಫೋನ್ ಹಚ್ಚಿದರು. ಎಂಗೇಜ್. ಮಂಡಿಪೇಟೆಯಲ್ಲಿ ಅದು ವ್ಯಾಪಾರದ ಹೊತ್ತು. ರೇವತಿ ಆ ಕಡೆಯ ಸೈಟಿಗೆ ಓಡಿದಳು, ಅವತ್ತು ಅಲ್ಲಿ ಯಾರೂ ಇರಲಿಲ್ಲ, ಬರಿಗೈಲಿ ವಾಪಸ್ ಬಂದಳು. ಓಬವ್ವ ಮತ್ತೆ ಹಚ್ಚಿದರು. ಎಂಗೇಜ್.

"ಅಮ್ಮಾರೆ, ಕಾಲಿಗೆ ಬೀಳ್ತೀನ್ರಿ!"

"ಯಾಕವ್ವ ಹಂಗೆ ಹೊಯ್ಕಂತಿ? ಅವನೇ ಸುಮ್ನೆ ನಿಂತಾನಲ್ಲ." ಓಬವ್ವ ಮೈಲಪ್ಪನ ಕಡೆ ತಿರುಗಿದರು. "ಏನಪ್ಪ, ಭಾಳ ಉರಿತೈತಾ?"

ಅವನು ಏನು ಹೇಳಬೇಕಿತ್ತು? ಉರಿಯುತ್ತದೆ ಅಂದರೆ ಸುಳ್ಳು. ಉರಿಯುವುದಿಲ್ಲ, ಕೈ ಸತ್ತು ಎರಡು ವರ್ಷವಾಯಿತು ಅಂದರೆ, ಗುರುಮೂರ್ತಿಯವರಿಗೆ ಗೊತ್ತಾಗುತ್ತದೆ, ಅವರಿಂದ ಊರಿಗೆ. ಇಪ್ಪತ್ತೈದು ವರ್ಷದಲ್ಲಿ ಮನೆಯವರಿಗೆ ಅವನು ಕೊಟ್ಟು ರೂಢಿಯಾದ ಉತ್ತರವೇ ಬಾಯಿಂದ ಬಂತು.

"ಏನಿಲ್ರಿ ಅಮ್ಮಾರೆ. ಉರಿ ಇಲ್ಲ."

ಓಬವ್ವನಿಗೆ ಸಮಾಧಾನವಾಯಿತು. ಮೂರನೆಯ ಸಲ, ನಾಲ್ಕನೆಯ ಸಲ, ಬಿಡದೆ ಫೋನ್ ಹಚ್ಚುತ್ತ ಹೋದರು. ರೇವತಿ ಗಂಡನ ಮುಖ ನೋಡಿದಳು. ಮುಚ್ಚಿಟ್ಟದ್ದನ್ನು ಅವಳು ಇನ್ನು ಮುಚ್ಚಿಡುವುದಿಲ್ಲ ಎಂದು ಆ ನೋಟದಲ್ಲೇ ಅವನಿಗೆ ಗೊತ್ತಾಯಿತು. ಅವನು ತಲೆ ಅಲ್ಲಾಡಿಸಿದ, ಬೇಡ ಎಂದು.

"ಅವ್ರಿಗೆ ಗೊತ್ತಾಗಂಗಿಲ್ರಿ!" ಎಂದು ಲೇಔಟಿಗೆಲ್ಲ ಕೇಳುವ ಹಾಗೆ ಕಿರುಚಿದಳು. "ಆ ಕೈ ಸತ್ತು ಎರಡು ವರ್ಷಾತು! ನೆಲಕ್ಕೆ ನಮಸ್ಕಾರ ಮಾಡ್ತಿದ್ದಿಲ್ರಿ ಅವ್ರು, ಕೈಗೆ ಗೊತ್ತಾಗಲ್ಲ ಅಂತ ಮಖ ಇಟ್ಟು ನೋಡ್ತಿದ್ರು! ಸುಟ್ಟು ಬೂದಿ ಆದ್ರೂ ಕೂಗಂಗಿಲ್ಲ ಅವ್ರು!"

ಓಬವ್ವನ ಫೋನು ಕೈಯಿಂದ ಜಾರಿತು. ಸೆರಗಿನ ಗಂಟು ಬಿಚ್ಚಲು ಹೋದರು. ಅವಸರಕ್ಕೆ ಗಂಟು ಇನ್ನೂ ಬಿಗಿಯಾಯಿತು. ರೇವತಿ ಬಗ್ಗಿ ಹಲ್ಲಿನಲ್ಲಿ ಕಚ್ಚಿ ಎಳೆದಳು. ಬೀಗದ ಕೈ ಬಂತು, ನಲ್ಲಿಯ ಬೀಗ ತೆರೆಯಿತು, ನೀರು ಬಂತು. ಮೊದಲ ಸಲ ಫೋನ್ ಹಚ್ಚಿದ್ದು ಹನ್ನೊಂದು ಇಪ್ಪತ್ತೆರಡಕ್ಕೆ. ನೀರು ಬಂದಾಗ ಹನ್ನೊಂದು ಮೂವತ್ತಾರು. ಹದಿನಾಲ್ಕು ನಿಮಿಷ.

ಗುರುಮೂರ್ತಿಯವರ ಫೋನು ವಾಪಸ್ ಬಂದದ್ದು ಆಮೇಲೆ. "ಅಯ್ಯೋ, ತೆಗಿಬೇಕಿತ್ತಲ್ಲಮ್ಮ, ಇದನ್ನೂ ಕೇಳ್ತಾರಾ?" ಅಂದರು. ನಿಜವಾಗಿಯೂ ಹಾಗೇ ಅಂದರು. ಎಲ್ಲರೂ ಆಮೇಲೆ ಹಾಗೇ ಅನ್ನುತ್ತಾರೆ.

ಮುಂಚೆಯೇ ಗಂಟೆ ಹೊತ್ತು ಕಚ್ಚಿದ ಆಸಿಡ್ಡಿಗೆ ಆ ಹದಿನಾಲ್ಕು ನಿಮಿಷ ಎಷ್ಟು ಸೇರಿಸಿತು ಎಂದು ಯಾರೂ ಅಳೆದು ಹೇಳಲಾರರು. ಹರಿಹರದಲ್ಲಿ ಪಟ್ಟಿ ಕಟ್ಟಿ ದಾವಣಗೆರೆಯ ದೊಡ್ಡಾಸ್ಪತ್ರೆಗೆ ಕಳಿಸಿದರು. ಒಂಬತ್ತನೆಯ ದಿನ ಎರಡು ಬೆರಳಿನ ಎರಡೆರಡು ಗೆಣ್ಣು ತೆಗೆದರು. ನೋವು ಹೆಂಗಿದೆ ಎಂದು ನರ್ಸು ಕೇಳಿದಾಗ ಮೈಲಪ್ಪ ಕಿಟಕಿ ನೋಡುತ್ತಿದ್ದ. ಅಲ್ಲಿ ಯಾರೋ ಗೋಡೆಗೆ ಸುಣ್ಣ ಹೊಡೆಯುತ್ತಿದ್ದರು. ಅವನಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಕೈಯಲ್ಲಿದ್ದ ಜೋಮು ತೋಳು ಏರಿ ಎದೆಗೂ ಬಂದು ಕೂತ ಹಾಗಿತ್ತು.

ಗೃಹಪ್ರವೇಶ ಶುಕ್ರವಾರವೇ ಆಯಿತು. ಸಂಪಿನ ನೀರು ಚೆಲ್ಲಿ, ತೊಳೆದು, ಟ್ಯಾಂಕರಿನಲ್ಲಿ ಹೊಸ ನೀರು ತುಂಬಿಸಿ ಗಂಗೆ ಪೂಜೆ ಮಾಡಿದರು. ಬಂದವರೆಲ್ಲ ಅಂಗಳದ ರಂಗೋಲಿ ಹೊಗಳಿದರು. ಬಣ್ಣ ಚೆನ್ನಾಗಿಯೇ ಬಂದಿತ್ತು, ಒಳ್ಳೆ ಜೇನಿನ ಬಣ್ಣ. ಅಂಚಿನ ಆಚೆ ನಾಲ್ಕು ಕಂದು ಕಲೆ ಉಳಿದವು. ಅವು ಹೋಗುವುದಿಲ್ಲ. ಅವುಗಳ ಮೇಲೆ ಹೂಕುಂಡ ಇಟ್ಟರು.

ತಿಂಗಳಾದ ಮೇಲೆ ಓಬವ್ವ ಆಟೋ ಮಾಡಿಕೊಂಡು ಮೈಲಪ್ಪನ ಮನೆ ಹುಡುಕಿ ಬಂದರು. ಬಾಳೆಹಣ್ಣು ತಂದಿದ್ದರು. "ಕೂಡ್ರಿ ಅಮ್ಮಾರೆ" ಎಂದು ರೇವತಿ ಇದ್ದ ಒಂದು ಕುರ್ಚಿ ಕೊಟ್ಟಳು. ಓಬವ್ವ ಪಟ್ಟಿ ಸುತ್ತಿದ ಕೈಯನ್ನೇ ನೋಡಿದರು.

"ಯಾಕಪ್ಪ ಕೂಗ್ಲಿಲ್ಲ ನೀನು? ಒಂದು ಸಲ ಕೂಗಿದ್ರೆ ನಾನು ಆಗ್ಲೇ ತೆಗೀತಿದ್ನಲ್ಲೋ."

ಮೈಲಪ್ಪ ಯೋಚಿಸಿದ. ಚುಚ್ಚಬೇಕೆಂದು ಅಲ್ಲ, ಅವನಿಗೆ ನಿಜಕ್ಕೂ ತಿಳಿಯಬೇಕಿತ್ತು.

"ನಮ್ಮಾಕಿ ಕೂಗಿದ್ಲಲ್ರಿ ಅಮ್ಮಾರೆ?"

ಓಬವ್ವ ಬಾಳೆಹಣ್ಣಿನ ಚೀಲದ ಹಿಡಿಕೆ ಬಿಚ್ಚಿದರು, ಕಟ್ಟಿದರು.

ಆ ಮಾತಿಗೆ ಉತ್ತರ ನಿಮ್ಮ ಹತ್ತಿರವೂ ಇಲ್ಲ. ಅದನ್ನು ಹುಡುಕುತ್ತ ಕೂರಬೇಡಿ. ನಿಮ್ಮ ಮನೆಯಲ್ಲೋ, ನಿಮ್ಮ ಬೀದಿಯಲ್ಲೋ ಇವತ್ತು ಯಾರೋ ಮೊಣಕಾಲೂರಿ ಕೆಲಸ ಮಾಡುತ್ತಿದ್ದಾರೆ. ಇದನ್ನು ಇಲ್ಲಿಗೆ ಮಡಚಿಡಿ. ಎದ್ದು ಹೋಗಿ. ಅವರು ಕೂಗುವ ಮೊದಲು, ಅವರು ಕೇಳುವ ಮೊದಲು, ನಲ್ಲಿಯ ಬೀಗ ತೆಗೆಯಿರಿ.