ಸುಭಾಷ ವಕೀಲರಿಗೆ ಬಂದ ನೋಟಿಸು

ಸಿದ್ದಾಪುರದಲ್ಲಿ ಸುಭಾಷ ನಾಯ್ಕ ವಕೀಲರ ಆಫೀಸು ಎಲ್ಲಿ ಎಂದು ವಿಚಾರಿಸಿದರೆ ಜನ ಮೊದಲು ಕೇಳುವುದು, ಕೇಸು ನಡೆಸುವುದಕ್ಕೋ ಮುಗಿಸುವುದಕ್ಕೋ ಎಂದು. ನಡೆಸುವುದಾದರೆ ಬೇರೆ ವಕೀಲರಿದ್ದಾರೆ. ಬೇಲಿ ಜಗಳ, ಕಾಲುದಾರಿ ಜಗಳ, ಅಣ್ಣನ ಎಮ್ಮೆ ತಮ್ಮನ ಗದ್ದೆ ಮೇಯ್ದ ಜಗಳ, ಇವೆಲ್ಲ ಸುಭಾಷರ ಬಳಿ ಬಂದರೆ ಎರಡೂ ಕಡೆಯವರನ್ನು ಒಂದೇ ಬೆಂಚಿನ ಮೇಲೆ ಕೂರಿಸಿ, ಚಹಾ ತರಿಸಿ, ಸಂಜೆಯೊಳಗೆ ರಾಜಿ ಮಾಡಿಸಿ ಕಳಿಸುತ್ತಿದ್ದರು. ಮೂವತ್ತು ವರ್ಷ ಹೀಗೇ ನಡೆಯಿತು. ತಾಲ್ಲೂಕಿಗೆ ನೆಮ್ಮದಿ ಬಂತು. ವಕೀಲರ ಬಳಿ ಒಮ್ಮೆ ಬಂದ ಕಕ್ಷಿದಾರ ಮತ್ತೆ ಬರಲಿಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಹೆಂಡತಿ ಮಮತಾ, ಈ ಮನೆಯ ಸಮಾಜಸೇವೆ ನಿಂತಿರುವುದು ತನ್ನ ಪೈಥಾಗೊರಸ್ ಮೇಲೆ ಎಂದು ಆಗಾಗ ನೆನಪಿಸುತ್ತಿದ್ದರು.

ಸುಭಾಷರ ಅಪ್ಪ ಕನ್ನ ನಾಯ್ಕ ನಿಲ್ಕುಂದದ ಕಡೆಯ ಗೇಣಿದಾರ. ಭೂಸುಧಾರಣೆಯ ಕಾಲದಲ್ಲಿ ಅರ್ಜಿ ಹಾಕಿ, ನ್ಯಾಯಮಂಡಳಿಯ ಬಾಗಿಲಲ್ಲಿ ವರ್ಷಗಟ್ಟಲೆ ಕೂತು, ಉಳುತ್ತಿದ್ದ ಮೂರು ಎಕರೆ ಗದ್ದೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡವನು. ಅಲ್ಲಿ ಕಪ್ಪು ಕೋಟಿನವರು ನಾಲ್ಕು ಮಾತಾಡಿ ನೆಲದ ಒಡೆಯನನ್ನೇ ಬದಲಿಸುವುದನ್ನು ಕಂಡು, ಮಗನನ್ನು ವಕೀಲನನ್ನಾಗಿ ಮಾಡುತ್ತೇನೆಂದು ಅಲ್ಲೇ ನಿಶ್ಚಯಿಸಿದನಂತೆ. ಮಗಳು ರೋಹಿಣಿಯನ್ನು ಏನು ಮಾಡಬೇಕೆಂಬುದಕ್ಕೆ ಅಂಥ ಯೋಚನೆ ಬೇಕಾಗಲಿಲ್ಲ. ಯಲ್ಲಾಪುರ ತಾಲ್ಲೂಕಿನ ಮಾಗೋಡಿನ ಹತ್ತಿರ ಮದುವೆ ಮಾಡಿ ಕೊಟ್ಟರು.

ವಕೀಲರಾದ ಮೇಲೆ ಸುಭಾಷರು ಮಾಡದ ಸೇವೆಯಿಲ್ಲ. ರಕ್ತದಾನ ಶಿಬಿರ, ಶಾಲೆಯ ಸಮಿತಿ, ಅರಣ್ಯ ಹಕ್ಕಿನ ಅರ್ಜಿ ತುಂಬಿಕೊಡುವುದು, ಹೀಗೆ ಕರೆದಲ್ಲಿಗೆಲ್ಲ ಹೋದರು. ಎಲ್ಲಕ್ಕಿಂತ ದೊಡ್ಡ ಹೆಸರು ತಂದದ್ದು ಭೂದಾನ. ಊರಿನ ಮಹಿಳಾ ಮಂಡಳಕ್ಕೆ ಕಟ್ಟಡವಿರಲಿಲ್ಲ. ರಸ್ತೆಗೆ ತಾಗಿದ್ದ ಅಪ್ಪನ ಗದ್ದೆಯಲ್ಲಿ ಐದು ಗುಂಟೆಯನ್ನು ಅವರು ಬರೆದುಕೊಟ್ಟರು. ಉದ್ಘಾಟನೆಯ ದಿನ ಗೋಡೆಗೆ ಕೂರಿಸಿದ ಕರಿಕಲ್ಲಿನ ಮೇಲೆ ದಾನಿಗಳೆಂದು ಅವರ ಹೆಸರು ಕೆತ್ತಿತ್ತು. ಹೆಣ್ಣುಮಕ್ಕಳು ಸ್ವಂತ ಕಾಲ ಮೇಲೆ ನಿಲ್ಲಬೇಕೆಂದು ಆ ದಿನ ಮುಕ್ಕಾಲು ಗಂಟೆ ಮಾತಾಡಿದರು.

ಅಲ್ಲಿಂದ ಮುಂದೆ ಕಾನೂನು ಅರಿವು ಶಿಬಿರಗಳಿಗೆಲ್ಲ ಅವರೇ ಭಾಷಣಕಾರರು. ಅವರ ವಿಷಯ, ತಂದೆಯ ಆಸ್ತಿಯಲ್ಲಿ ಹೆಣ್ಣುಮಕ್ಕಳ ಸಮಪಾಲು. ಅದರಲ್ಲಿ ಒಂದು ಜಾಗ ತಪ್ಪದೆ ನಗು ತರಿಸುತ್ತಿತ್ತು. "ಚೌತಿಗೆ ತಂಗಿಯನ್ನು ಕರೆಸಿ, ಹೊಟ್ಟೆ ತುಂಬ ಊಟ ಹಾಕಿ, ಸೀರೆ ಉಡುಗೊರೆ ಕೊಟ್ಟು, ಆಮೇಲೆ 'ಇಲ್ಲೊಂದು ಸಹಿ ಹಾಕು' ಅನ್ನುವ ಅಣ್ಣಂದಿರಿದ್ದಾರೆ. ಅದಕ್ಕಿಂತ ದುಬಾರಿ ಸೀರೆ ಲೋಕದಲ್ಲಿಲ್ಲ."

ಎರಡು ವರ್ಷದ ಹಿಂದೆ ಮಾಗೋಡಿನ ಹತ್ತಿರದ ಒಂದು ಶಾಲೆಯಲ್ಲಿ ಇದೇ ಭಾಷಣವಾಯಿತು. ಮೂರನೇ ಸಾಲಿನಲ್ಲಿ ರೋಹಿಣಿ ಕೂತಿದ್ದಳು. ಸೀರೆಯ ಮಾತಿಗೆ ಹೆಂಗಸರೆಲ್ಲ ನಕ್ಕರು. ಪ್ರಶ್ನೆ ಕೇಳಬಹುದೆಂದಾಗ ಮೊದಲು ಎದ್ದವಳು ಅವಳೇ. ಸಭೆಗೆ ಚಾಲನೆ ಕೊಡಲು ತಂಗಿ ಎದ್ದಳೆಂದು ಸುಭಾಷರಿಗೆ ಹೆಮ್ಮೆಯಾಯಿತು.

"ಹಂಗೆ ಸಹಿ ಹಾಕಿ ಆಗೋಗಿದ್ರೆ ಎಂತ ಮಾಡೂದು? ನೋಂದಣಿ ಎಂತದೂ ಆಗಿಲ್ಲ," ಎಂದು ಕೇಳಿದಳು.

"ನೋಂದಣಿಯಾಗದ ಕಾಗದದಿಂದ ಹಕ್ಕು ಹೋಗುವುದಿಲ್ಲ ತಾಯಿ," ಎಂದರು ಸುಭಾಷರು. "ಅದರಲ್ಲಿ ಅವಲಕ್ಕಿ ಕಟ್ಟಬಹುದು, ಅಷ್ಟೇ."

ಚಪ್ಪಾಳೆ ಜೋರಾಗಿಯೇ ಬಿತ್ತು.

ವಾಪಸು ಬರುವಾಗ ಶಿರಸಿಯ ಬಸ್‌ಸ್ಟ್ಯಾಂಡಿನಲ್ಲಿ ಲಿಂಬೆ ಸೋಡಾ ಕುಡಿಯುತ್ತಿದ್ದವರಿಗೆ ತಟ್ಟನೆ ನೆನಪಾಯಿತು. ಅಪ್ಪ ತೀರಿಹೋದ ಮೇಲೆ ಗದ್ದೆಯ ಖಾತೆಯನ್ನು ತಮ್ಮ ಹೆಸರಿಗೆ ಬದಲಿಸಬೇಕಾದಾಗ, ಎರಡು ಸಾವಿರದ ಒಂಬತ್ತರ ಚೌತಿಗೆ ರೋಹಿಣಿಯನ್ನು ಕರೆಸಿದ್ದರು. ಹಸಿರು ಸೀರೆ ಕೊಟ್ಟಿದ್ದರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿದ್ದರು. ಇಷ್ಟು ವರ್ಷ ಆ ಮಾತು ಹೇಳಿ ಊರೂರು ನಗಿಸುವಾಗ ಒಮ್ಮೆಯೂ ಅದು ನೆನಪಾಗಿರಲಿಲ್ಲ. ತಮ್ಮದು ಬರೀ ಖಾತೆಯ ಕೆಲಸ, ಅದು ಬೇರೆ ಸಂಗತಿ, ಎಂದುಕೊಂಡರು. ಅಷ್ಟು ಅಂದುಕೊಳ್ಳುವುದರೊಳಗೆ ಸಿದ್ದಾಪುರದ ಬಸ್ಸು ಹೊರಟುಹೋಯಿತು.

ತಿಂಗಳು ಕಳೆದು ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸು ಬಂತು. ಕಳಿಸಿದವಳು ನಮಿತಾ ಹೆಗಡೆ. ಅವರದೇ ಆಫೀಸಿನಲ್ಲಿ ಆರು ವರ್ಷ ಪಳಗಿ ಈಗ ಶಿರಸಿಯಲ್ಲಿ ವಕೀಲಿ ಮಾಡುವವಳು. ಕಕ್ಷಿದಾರಳು ರೋಹಿಣಿ. ವಿಷಯ, ಪಿತ್ರಾರ್ಜಿತ ಗದ್ದೆಯಲ್ಲಿ ಅರ್ಧಪಾಲು. ಸುಭಾಷರು ಹಳೆಯ ಅಭ್ಯಾಸದಂತೆ ಕೆಂಪು ಪೆನ್ನು ಹಿಡಿದು ಓದಿದರು. ವಾಕ್ಯಗಳೆಲ್ಲ ತಾವು ಕಲಿಸಿದವೇ. ಆದರೆ ಒಂದು ಸರ್ವೆ ನಂಬರು ಬಿಟ್ಟುಹೋಗಿತ್ತು. ಅಂಚಿನಲ್ಲಿ ಕೆಂಪು ಗುರುತು ಹಾಕಿ, ಹುಡುಗಿ ಇನ್ನೂ ಅವಸರ ಬಿಟ್ಟಿಲ್ಲವೆಂದು ಫೋನು ಮಾಡಿದರು.

"ಅದನ್ನ ಬಿಟ್ಟಿದ್ದು ನಾನಲ್ಲ ಸರ್," ಎಂದಳು ನಮಿತಾ. "ರೋಹಿಣಿ ಅಕ್ಕನೇ ಬೇಡ ಅಂದ್ರು. ಅಲ್ಲಿ ಮಹಿಳಾ ಮಂಡಳದ ಕಟ್ಟಡ ಇದೆ, ಹೆಂಗಸರು ಹೊಲಿಗೆ ಕಲೀತಾರೆ, ಅದಕ್ಕೆ ಕೈ ಹಚ್ಚೋದು ಬೇಡ ಅಂತ."

ತಾವು ದಾನ ಮಾಡಿದ ಐದು ಗುಂಟೆಯಲ್ಲಿ ಅರ್ಧ ತಮ್ಮದಲ್ಲವೆಂಬುದು ಅವರಿಗೆ ಆಗ ಹೊಳೆಯಿತು. ಜೊತೆಗೇ ಇನ್ನೊಂದೂ ಹೊಳೆಯಿತು. ಎಲ್ಲ ಆಸ್ತಿಯನ್ನೂ ಸೇರಿಸದ ವಿಭಾಗದ ದಾವೆಗೆ ಆಕ್ಷೇಪ ಎತ್ತಬಹುದು. ತಂಗಿ ತೋರಿದ ಔದಾರ್ಯದಲ್ಲೇ ತಮಗೆ ಒಳ್ಳೆಯ ತಕರಾರು ಸಿಕ್ಕಿದೆ. ಮೂವತ್ತು ವರ್ಷ ರಾಜಿಯಲ್ಲೇ ಕಳೆದ ಮನುಷ್ಯ ಅಂದು ಬಲು ಉತ್ಸಾಹದಿಂದ ಉತ್ತರ ಬರೆಯಲು ಕೂತರು. ಬರೆಯುತ್ತ ಬರೆಯುತ್ತ, ಅಪ್ಪ ಇದ್ದಾಗಲೇ ಬಾಯಿಮಾತಿನ ಪಾಲಾಗಿತ್ತು, ತಂಗಿ ತನ್ನ ಪಾಲನ್ನು ಬಂಗಾರದಲ್ಲಿ ಪಡೆದಿದ್ದಳು ಎಂಬುದೂ ಸೇರಿಕೊಂಡಿತು. ಅಂಥ ಪಾಲು ಎಂದೂ ಆಗಿರಲಿಲ್ಲ.

ಇಲ್ಲದ ಪಾಲಿಗೆ ಸಾಕ್ಷಿ ಬೇಕಲ್ಲ. ನೆರೆಯ ತೋಟದ ಸುಬ್ರಾಯ ಹೆಗಡೆಯವರ ಮನೆಗೆ ಹೋದರು. ಎಂಬತ್ತರ ಹತ್ತಿರದ ಹೆಗಡೆಯವರು ಎಲೆಯಡಿಕೆಯ ಕವಳ ಹಾಕುತ್ತ ಎಲ್ಲವನ್ನೂ ಕೇಳಿಸಿಕೊಂಡರು. ಎದ್ದುಹೋಗಿ ಕವಳ ಉಗುಳಿ ಬಂದರು.

"ಕೋರ್ಟಿಗೆ ಬಾ ಅಂದ್ರೆ ಬರ್ತೆ," ಎಂದರು ಆಮೇಲೆ. "ಆದ್ರೆ ಆನು ನೋಡದ್ದನ್ನ ನೋಡಿದ್ದೆ ಹೇಳಿ ಹೇಳ್ತ್ನಿಲ್ಲೆ. ನಮ್ಮನೆ ಬೇಲಿ ಕೇಸಲ್ಲಿ ಸುಳ್ಳು ಹೇಳಡ ಹೇಳಿ ನನಗೆ ಬುದ್ಧಿ ಹೇಳಿದ್ದು ಯಾರು? ನೀನೇ ಅಲ್ದಾ?"

ಮನೆಗೆ ಬಂದು ಮಮತಾ ಎದುರು, ಸಾಕ್ಷಿ ಹೇಳಲು ಹೆಗಡೆಯವರು ಒಪ್ಪಲಿಲ್ಲ, ಊರಲ್ಲಿ ಉಪಕಾರಸ್ಮರಣೆ ಉಳಿದಿಲ್ಲವೆಂದು ಗೊಣಗಿದರು. ಮಮತಾ ಉತ್ತರಪತ್ರಿಕೆ ತಿದ್ದುತ್ತಿದ್ದರು. ತಲೆಯೆತ್ತದೆ, ಇದೇ ಕೇಸು ಹಿಡಿದು ಬೇರೆ ಯಾವನಾದರೂ ಅಣ್ಣ ನಿಮ್ಮ ಬಳಿ ಬಂದಿದ್ದರೆ ಚಹಾ ಕುಡಿಸುವ ಮೊದಲು ಬೈಯುತ್ತಿದ್ದಿರೋ, ಆಮೇಲೋ ಎಂದು ಕೇಳಿದರು. ಸುಭಾಷರಿಗೆ ಅಂದು ಊಟ ಸೇರಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಮಾಗೋಡಿನ ಕಡೆ ಹೊರಟರು. ರೋಹಿಣಿ ಅಂಗಳದಲ್ಲಿ ಕಾಳುಮೆಣಸು ಹರವುತ್ತಿದ್ದಳು. ಗಂಡ ಮಾದೇವ ಭಾವನಿಗೆ ನೀರು ಕೊಟ್ಟು, ತನಗೆ ಇದರಲ್ಲಿ ಕೆಲಸವಿಲ್ಲವೆಂಬಂತೆ ಗದ್ದೆಯ ಕಡೆ ನಡೆದ. ಆ ಗದ್ದೆ, ಆ ಮನೆ ಎರಡೂ ಅರಣ್ಯದ ಜಾಗದಲ್ಲಿದ್ದವು. ಹಕ್ಕಿಗಾಗಿ ಸುಭಾಷರೇ ಹಾಕಿಕೊಟ್ಟ ಅರ್ಜಿ ಮೂರು ಸಲ ತಿರಸ್ಕಾರವಾಗಿತ್ತು.

"ಬಾಯಿಬಿಟ್ಟು ಕೇಳಿದ್ರೆ ನಾನೇ ಕೊಡ್ತಿದ್ನಲ್ಲ," ಎಂದರು ಸುಭಾಷರು. "ನೋಟಿಸು ಯಾಕೆ ಬೇಕಿತ್ತು?"

"ಕೇಳೂಕೆ ಮೂರು ಸಲ ಬಂದಿದ್ದೆ," ಎಂದಳು ರೋಹಿಣಿ. "ಮೂರು ಸಲವೂ ನೀನು ಯಾರದ್ದೋ ರಾಜಿ ಮಾಡ್ಸೂಕೆ ಹೋಗಿದ್ದೆ. ಅತ್ತಿಗೆ ಚಹಾ ಕೊಟ್ಟು ಕಳಿಸಿದ್ರು."

ಅವಳು ಮೆಣಸಿನ ಮೇಲೆ ಕೈಯಾಡಿಸುತ್ತಲೇ ಹೇಳಿದಳು. "ಇದು ನಿನ್ನ ಮೇಲಿನ ಸಿಟ್ಟಲ್ಲ ಅಣ್ಣ. ಈ ಮನೆ ಬಿಟ್ಟೇಳಿ ಅಂತ ನಾಳೆ ಇಲಾಖೆಯವರು ಬಂದ್ರೆ ತೋರ್ಸೂಕೆ ನಂಗೆ ಒಂದು ಕಾಗದ ಇಲ್ಲ. ನಂಗೆ ಐವತ್ಮೂರು ವರ್ಷ ಆಯ್ತು. ನನ್ನ ಹೆಸರಿನ ಪಹಣಿ ಒಂದು ನೋಡ್ಬೇಕು ಅನ್ನಿಸ್ತು. ನೀನೇ ಹೇಳ್ದೆ, ಹಕ್ಕು ಹೋಗಿಲ್ಲ ಅಂತ. ಭಾಷಣಕ್ಕೆ ಅಂತ ಹೇಳಿದ್ದಾ ಅದು?"

ನೋಟಿಸಿಗೆ ಬರೆದು ಚೀಲದಲ್ಲಿಟ್ಟುಕೊಂಡಿದ್ದ ಜವಾಬನ್ನು ಸುಭಾಷರು ಹೊರಗೆ ತೆಗೆಯಲೇ ಇಲ್ಲ. ಮಧ್ಯಾಹ್ನ ಅಲ್ಲೇ ಉಂಡರು. ನಿದ್ದೆ ಬಂತು, ಅಷ್ಟು ದಿನದಲ್ಲಿ ಬಂದ ಮೊದಲ ಒಳ್ಳೆಯ ನಿದ್ದೆ ಅದು.

ಪಾಲು ಕೋರ್ಟಿನಲ್ಲೇ ಖಾಯಂ ಆಗಲೆಂದು ನಮಿತಾ ದಾವೆ ಹೂಡಿದಳು, ಬಿಟ್ಟಿದ್ದ ಸರ್ವೆ ನಂಬರನ್ನು ತಕರಾರಿಗೆ ಎಡೆಯಿರದಂತೆ ಸುಭಾಷರೇ ಹೇಳಿ ಸೇರಿಸಿದರು, ಮುಂದಿನ ಲೋಕ ಅದಾಲತ್ತಿನಲ್ಲಿ ರಾಜಿಯಾಯಿತು. ಗದ್ದೆ ಎರಡು ಸಮಪಾಲು. ದಾನವನ್ನು ಇಬ್ಬರೂ ಒಪ್ಪಿ ಹಾಗೇ ಉಳಿಸಿದರು, ಕರಿಕಲ್ಲಿನ ಮೇಲೆ ಕೆಳಗಿದ್ದ ಖಾಲಿ ಜಾಗದಲ್ಲಿ ರೋಹಿಣಿಯ ಹೆಸರನ್ನೂ ಕೆತ್ತಿಸುವುದೆಂದಾಯಿತು. ಮೂರು ತಿಂಗಳಿಗೆ ಅವಳ ಪಹಣಿ ಬಂತು.

ಆದರೆ ಪತ್ರಿಕೆಯಲ್ಲಿ ಬಂದ ಸುದ್ದಿ ಬೇರೆ. ಕೇಳುವ ಮೊದಲೇ ತಂಗಿಗೆ ಅರ್ಧ ಆಸ್ತಿ ಬಿಟ್ಟುಕೊಟ್ಟ ಆದರ್ಶ ವಕೀಲ ಎಂದು, ಇಬ್ಬರ ಫೋಟೋ ಸಮೇತ. ಅದನ್ನು ಓದಿದ ಸಿದ್ದಾಪುರದ ಸೇವಾ ಸಂಘವೊಂದು ಸನ್ಮಾನವಿಟ್ಟುಕೊಂಡಿತು. ಸುಭಾಷರು ಬೇಡವೆಂದಷ್ಟೂ ಅವರ ನಿಸ್ಪೃಹತೆಯ ಕೀರ್ತಿ ಹೆಚ್ಚಿತು. ಕಡೆಗೆ, ವೇದಿಕೆಯ ಮೇಲೇ ನಿಜ ಹೇಳಿಬಿಡುವುದೆಂದು ತೀರ್ಮಾನಿಸಿ ಒಪ್ಪಿದರು. ರೋಹಿಣಿಯನ್ನೂ ಕರೆಸಿ ಮೊದಲ ಸಾಲಿನಲ್ಲಿ ಕೂರಿಸಿದ್ದರು.

ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ ಸುಭಾಷರು ಮೈಕಿನ ಮುಂದೆ ನಿಂತರು. ತಾನಾಗಿ ಏನನ್ನೂ ಕೊಟ್ಟಿಲ್ಲ, ತಂಗಿಯೇ ನೋಟಿಸು ಕೊಡಬೇಕಾಯಿತು, ಸುಳ್ಳು ಸಾಕ್ಷಿಗಾಗಿ ನೆರೆಯವರ ಮನೆಬಾಗಿಲಿಗೂ ಹೋಗಿದ್ದೆ, ಸೀರೆ ಕೊಟ್ಟು ಸಹಿ ಹಾಕಿಸಿಕೊಂಡ ಅಣ್ಣ ತಾನೇ ಎಂದು ಒಂದೂ ಬಿಡದೆ ಹೇಳಿದರು. ಅಧ್ಯಕ್ಷರು ಎದ್ದು ಬಂದು, ತಂಗಿಯ ಮರ್ಯಾದೆ ಕಾಪಾಡಲು ತಮ್ಮ ಮೇಲೇ ತಪ್ಪು ಹೊರಿಸಿಕೊಳ್ಳುವ ಇಂಥ ವಿನಯವನ್ನು ತಾವು ಕಂಡಿಲ್ಲವೆಂದು ಹೇಳಿ ಅವರನ್ನು ತಬ್ಬಿಕೊಂಡರು. ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಇಬ್ಬರು ಕಣ್ಣೊರೆಸಿಕೊಂಡರು.

ಊಟದ ಪಂಕ್ತಿಯಲ್ಲಿ ಅಣ್ಣ ತಂಗಿ ಅಕ್ಕಪಕ್ಕ ಕೂತರು. ಸುಭಾಷರು ಎಲೆಯ ಮೇಲಿನ ಪಾಯಸವನ್ನೇ ನೋಡುತ್ತಿದ್ದರು.

"ಖರೇ ಹೇಳಿದ್ರೂ ನಂಬ್ಲಿಲ್ಲಲ್ಲ," ಎಂದರು.

"ನಂಗೆ ಗೊತ್ತಿದೆ ಬಿಡು," ಎಂದಳು ರೋಹಿಣಿ. "ಪಾಯಸ ತಣ್ಣಗಾಗ್ತದೆ, ಉಣ್ಣು."