ನಮ್ಮ ಓಣಿಯ ರಸ್ತೆಗೆ ಒಡ್ಡು ಬಂದದ್ದು

ಅರ್ಜಿ ಬರೆಯುವುದರಲ್ಲಿ ನನಗೆ ಒಂದು ಕಾಲಕ್ಕೆ ಭಾರೀ ಹಮ್ಮು ಇತ್ತು. ಎಪ್ಪತ್ತರ ದಶಕದ ನಡುವಿನ ಮಾತು. ಅಣ್ಣಿಗೇರಿ ಸೀಮೆಯ ನಮ್ಮ ಸಣ್ಣ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಆಗಷ್ಟೇ ಶಿಕ್ಷಕಿಯಾಗಿ ಸೇರಿದ್ದೆ. ಮೂಗು ಸೋರಿಸಿಕೊಂಡು ಓಡಾಡುವಾಗಿಂದ ನನ್ನನ್ನು ಕಂಡಿದ್ದ ಓಣಿಯವರೆಲ್ಲ ಒಂದೇ ದಿನದಲ್ಲಿ ‘ಅಕ್ಕಾರ’ ಎನ್ನತೊಡಗಿದರು. ತಲೆ ತಿರುಗಲಿಕ್ಕೆ ನನಗೆ ಅಷ್ಟು ಸಾಕಾಗಿತ್ತು.

ಮನೆಯಲ್ಲಿ ಅಪ್ಪನ ಅಕ್ಕ ಇದ್ದಳು, ನನ್ನ ಸೋದರತ್ತೆ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನನ್ನನ್ನು ಎತ್ತಿ ಆಡಿಸಿದವಳು ಅವಳೇ. ನಲವತ್ತು ದಾಟಿದ ಮೇಲೆ ಒಂದು ಜ್ವರ ಬಂದು ಅವಳ ಎರಡೂ ಕಿವಿ ಹೋದವು. ಮಾತಾಡುತ್ತಿದ್ದಳು, ಕೇಳಿಸುತ್ತಿರಲಿಲ್ಲ. ಆದರೆ ಅದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಅನ್ನುತ್ತಿರಲಿಲ್ಲ. ಓಣಿಯವರೂ ಅಷ್ಟೇ. ಅತ್ತೆಯ ಹತ್ತಿರ ಏನಾದರೂ ಹೇಳಬೇಕಾದರೆ ಸುತ್ತು ಹಾಕಿ ಎದುರಿಗೆ ಬಂದು, ತುಟಿ ಕಾಣುವಂತೆ ನಿಂತು ಹೇಳುತ್ತಿದ್ದರು. ಪರವೂರಿನವರು ವಿಚಾರಿಸಿದರೆ ‘ಸ್ವಲ್ಪ ಮಂದ’ ಅಂದು ಮಾತು ಬದಲಿಸುತ್ತಿದ್ದರು. ಅದು ಅವರ ಮರ್ಯಾದೆ.

ಬೆಳಿಗ್ಗೆ ಕೆರೆಯಿಂದ ಎರಡು ಕೊಡ ನೀರು ತರುವುದು ಅತ್ತೆಯ ಪಾಲಿನ ಕೆಲಸ. ಕೆಲಸ ಎಂದರೆ ತಪ್ಪಾದೀತು, ಅವಳು ಊರನ್ನು ನೋಡುತ್ತಿದ್ದುದೇ ಆ ಹೊತ್ತಿನಲ್ಲಿ. ಯಾರ ಮನೆಯಲ್ಲಿ ಬಾಣಂತಿ, ಯಾರ ಎಮ್ಮೆ ಈದಿತು ಎಂಬುದೆಲ್ಲ ಕೆರೆಯ ಮೆಟ್ಟಿಲ ಮೇಲೆ ಗೆಳತಿಯರ ತುಟಿ ನೋಡಿಯೇ ಅವಳಿಗೆ ತಿಳಿಯುತ್ತಿತ್ತು. ಕೆರೆ ಮಾತ್ರ ರಸ್ತೆಯ ಆಚೆ ಬದಿಗೆ. ಆ ರಸ್ತೆಗೆ ಪುರಸಭೆಯವರು ಡಾಂಬರು ಹಾಕಿದಾಗ, ಎರಿ ಮಣ್ಣಿನ ರಾಡಿ ತಪ್ಪಿತೆಂದು ನಾವು ಕುಣಿದಾಡಿದ್ದೆವು. ತಿಂಗಳೊಳಗೆ ಹತ್ತಿ ಹೇರಿಕೊಂಡ ಲಾರಿಗಳು ಪೇಟೆಯ ಸುತ್ತು ತಪ್ಪಿಸಲು ನಮ್ಮ ಓಣಿಯನ್ನೇ ಹಿಡಿದವು. ಹಾರ್ನ್ ಹೊಡೆದುಬಿಟ್ಟರೆ ಲೋಕವೆಲ್ಲ ಬದಿಗೆ ಸರಿಯುತ್ತದೆ ಎಂದು ತಿಳಿದ ಪುಣ್ಯಾತ್ಮರು ಆ ಡ್ರೈವರುಗಳು.

ಒಂದು ಬೆಳಿಗ್ಗೆ ಅತ್ತೆ ತುಂಬಿದ ಕೊಡ ಹೊತ್ತು ರಸ್ತೆ ದಾಟುತ್ತಿದ್ದಾಗ ಅವಳು ನೋಡದ ಕಡೆಯಿಂದ ಲಾರಿ ಬಂತು. ಡ್ರೈವರ್ ಹಾರ್ನ್ ಹೊಡೆದೇ ಹೊಡೆದ. ಕಡೆಗೆ ಬ್ರೇಕ್ ಒತ್ತಿದ. ಲಾರಿಯ ಅಂಚು ತಾಗಿ ಕೊಡ ಸೊಂಟದಿಂದ ಹಾರಿ ಚಕ್ರಕ್ಕೆ ಸಿಕ್ಕು ತಾಟಿನಂತೆ ಚಪ್ಪಟೆಯಾಯಿತು. ಅತ್ತೆಗೆ ಮೊಣಕೈ ತರಚಿತ್ತು, ಅಷ್ಟೇ. ಅಪ್ಪ ಆ ಹಿತ್ತಾಳೆಯನ್ನು ಎತ್ತಿಕೊಂಡು ಬಂದು ಅವಳೆದುರು ನಿಂತ.

“ಅಕ್ಕಾ, ನಾಳಿಂದ ನೀ ಹೊಸ್ತಿಲಾ ದಾಟಬ್ಯಾಡ. ನೀರ ನಾ ತರತೀನಿ.”

ಮರುದಿನದಿಂದ ಅತ್ತೆ ಬೆಳಗಿನ ಹೊತ್ತು ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಕೆರೆಯ ಕಡೆ ನೋಡತೊಡಗಿದಳು. ಊಟ ಅರ್ಧಕ್ಕರ್ಧ ಇಳಿಯಿತು. ಅದನ್ನು ನೋಡಿದಾಗಲೆಲ್ಲ ನನಗೆ ಅಪ್ಪನ ಮೇಲೆ ಸಿಟ್ಟು ಬರುತ್ತಿತ್ತು. ಅಪ್ಪನ ಭಯ ಸುಳ್ಳಲ್ಲವೆಂದು ನೆನಪಾಗಿ ಆ ಸಿಟ್ಟನ್ನು ಶಾಲೆಯಲ್ಲಿ ಮಕ್ಕಳ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಈಗಲೂ ಅದಕ್ಕೆ ನಾಚಿಕೆಯಾಗುತ್ತದೆ.

ಹುಬ್ಬಳ್ಳಿಯಲ್ಲಿ ಒಂದು ಶಾಲೆಯ ಮುಂದೆ ಗಾಡಿಗಳು ನಿಧಾನವಾಗಲೆಂದು ರಸ್ತೆಗೆ ಅಡ್ಡಲಾಗಿ ಡಾಂಬರಿನ ಉಬ್ಬು ಹಾಕಿದ್ದನ್ನು ನಾನು ನೋಡಿದ್ದೆ. ಅಂಥದ್ದೊಂದು ನಮಗೂ ಬೇಕೆಂದು ಪುರಸಭೆಗೆ ಅರ್ಜಿ ಬರೆದೆ. ಮೂರು ಪುಟ. ಮಕ್ಕಳು, ಮುದುಕರು, ದನಕರು ಎಲ್ಲರೂ ಅದರಲ್ಲಿದ್ದರು. ‘ಪ್ರಜೆಗಳ ಪ್ರಾಣರಕ್ಷಣೆಯೆಂಬ ಪವಿತ್ರ ಹೊಣೆ’ ಎಂಬ ಮಾತೂ ಇತ್ತು. ಅತ್ತೆ ಮಾತ್ರ ಇರಲಿಲ್ಲ. “ಆಕಿ ಸುದ್ದಿ ಅದರಾಗ ಬ್ಯಾಡ” ಎಂದು ಅಪ್ಪ ಮೊದಲೇ ಹೇಳಿದ್ದ. ನನಗೂ ಅದೇ ಸರಿ ಅನಿಸಿತ್ತು. ಶಾಲೆಯ ಶಾಯಿ ಪ್ಯಾಡು ತಂದು ಮನೆಮನೆ ತಿರುಗಿ ಸಹಿ, ಹೆಬ್ಬೆಟ್ಟು ಹಾಕಿಸಿದೆ.

ಸ್ಥಳ ನೋಡಲು ಪುರಸಭೆಯ ಓವರಸಿಯರ್ ಬಂದದ್ದು ಶಿವರಾತ್ರಿಯ ಹೊತ್ತಿಗೆ, ಕಡಲೆ ಕಿತ್ತು ಮನೆಗೆ ತರುವ ಕಾಲ. ಕಣ ಮಾಡಿ, ಸಗಣಿ ಸಾರಿಸಿ, ಎತ್ತು ಹೂಡಿ ಒಕ್ಕುವುದು ಹಿಂದಿನ ರೂಢಿ. ಡಾಂಬರು ಬಂದ ಮೇಲೆ ನಮ್ಮವರು ಕಡಲೆ ಗಿಡಗಳನ್ನು ನೇರ ರಸ್ತೆಯ ಮೇಲೆ ಹರವುತ್ತಿದ್ದರು. ಲಾರಿಗಳು ಹಾಯ್ದು ಕಾಳು ಬಿಡಿಸಿ ಕೊಡುತ್ತಿದ್ದವು. ಅವತ್ತು ಓಣಿಯ ಈ ತುದಿಯಿಂದ ಆ ತುದಿಯವರೆಗೆ ಮೊಣಕಾಲೆತ್ತರ ಕಡಲೆ. ಚಕ್ರ ಜಾರುತ್ತದೆಂದು ಲಾರಿಗಳು ಬಸುರಿಯರಂತೆ ಹೆಜ್ಜೆ ಎಣಿಸಿಕೊಂಡು ಬರುತ್ತಿದ್ದವು.

ಎದುರುಮನೆಯ ಕಾಕಾ ಓವರಸಿಯರನ್ನು ಕೈಮುಗಿದು ತಡೆದ. “ಸಾಹೇಬ್ರ, ಕಾಳಿನ ಮ್ಯಾಲ ಬೂಟು ಬ್ಯಾಡ್ರಿ.”

ಕಣದಲ್ಲಿ ಮೆಟ್ಟು ಹಾಕುವ ಪದ್ಧತಿ ನಮ್ಮಲ್ಲಿಲ್ಲ. ರಸ್ತೆಯೇ ಕಣವಾದ ಮೇಲೆ ಅದಕ್ಕೂ ಅದೇ ಮರ್ಯಾದೆ. ಆತ ಒಳ್ಳೆಯವನು, ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಅಳತೆ ಮಾಡಿದ. ಲಾರಿ ಎಷ್ಟು ಚೆನ್ನಾಗಿ ಒಕ್ಕುತ್ತದೆಂದು ಕಾಕಾ ಹೆಮ್ಮೆಯಿಂದ ತೋರಿಸಿದ. ನಾನೇ ಮಜ್ಜಿಗೆ ತಂದು ಕೊಟ್ಟೆ. ಹೆಬ್ಬೆಟ್ಟು ಒತ್ತಿದ ಅಷ್ಟೂ ಜನರಿಗಾಗಲಿ, ಮೂರು ಪುಟ ಬರೆದ ನನಗಾಗಲಿ ಏನೂ ಹೊಳೆಯಲಿಲ್ಲ.

ಹದಿನೈದು ದಿನಕ್ಕೆ ಉತ್ತರ ಬಂತು. ಸದರಿ ರಸ್ತೆಯಲ್ಲಿ ವಾಹನಗಳು ನಿಧಾನವಾಗಿಯೇ ಚಲಿಸುತ್ತಿರುವುದು ಪರಿಶೀಲನೆಯಿಂದ ಕಂಡುಬಂದಿರುವುದರಿಂದ ಉಬ್ಬಿನ ಅಗತ್ಯ ಇರುವುದಿಲ್ಲ. ಅಷ್ಟೊತ್ತಿಗೆ ಕಡಲೆ ಮನೆ ಸೇರಿತ್ತು, ಲಾರಿಗಳು ಮತ್ತೆ ಮೊದಲಿನಂತೆ ಹಾರುತ್ತಿದ್ದವು. ನಾನು ಕಾಗದ ಹಿಡಿದುಕೊಂಡು ಹೋಗಿ ಕಾಕಾನ ಮೇಲೆ ಹರಿಹಾಯ್ದೆ. ಆತ ಗಡ್ಡ ಕೆರೆದುಕೊಂಡ.

“ಒಕ್ಕೂದು ಬ್ಯಾರೆ, ಅರ್ಜಿ ಬ್ಯಾರೆ ಅಂತ ತಿಳಕೊಂಡಿದ್ವಿ ನೋಡ್ರಿ ಅಕ್ಕಾರ.”

ನಾನು ತಿಳಿದುಕೊಂಡದ್ದೂ ಅದನ್ನೇ.

ಮನೆಗೆ ಬಂದರೆ ಅತ್ತೆ ಕಟ್ಟೆಯ ಮೇಲೆ ಇದ್ದಳು. ಕಾಗದದಲ್ಲಿ ಏನಿದೆ ಎಂದು ಕೇಳಿದಳು. ಎದುರಿಗೆ ಕೂತು ಹೇಳಿದೆ, ನನ್ನ ಮೂರು ಪುಟಗಳ ನಕಲನ್ನೂ ನಿಧಾನವಾಗಿ ಓದಿದೆ. ಕಣ್ಣು ಮಿಟುಕಿಸದೆ ನನ್ನ ತುಟಿಯನ್ನೇ ನೋಡುತ್ತಿದ್ದಳು.

“ಛಲೋ ಬರದೀಯವ್ವಾ,” ಎಂದಳು ಕಡೆಗೆ. “ಅದರಾಗ ನಾ ಎಲ್ಲೆ ಅದೀನಿ?”

ನಾನು ತಲೆ ತಗ್ಗಿಸಿದೆ. ತಗ್ಗಿಸಿದರೆ ಅವಳಿಗೆ ತುಟಿ ಕಾಣುವುದಿಲ್ಲ, ಅದೂ ಮರೆತುಹೋಗಿತ್ತು.

“ಬ್ಯಾರೆ ಹಾಳಿ ತಗೋ. ನಾ ಹೇಳಿದಷ್ಟ ಬರಿ. ನಾ ಕಿವುಡಿ ಅದೀನಿ. ಹಾರ್ನ್ ನನಗ ಕೇಳಸೂದಿಲ್ಲ. ದಿನಾ ನೀರಿಗೆ ಹೋಗಬೇಕು. ಲಾರಿ ಸಾವಕಾಶ ಬಂದ್ರ ಸಾಕು.”

ಆ ಶಬ್ದವನ್ನು ಅವಳ ಬಾಯಿಂದ ಕೇಳಿದ್ದು ಅದೇ ಮೊದಲು. ಬಾಗಿಲಲ್ಲಿ ನಿಂತಿದ್ದ ಅಪ್ಪನ ಮುಖ ನೋಡಿದೆ. “ಆಕಿ ಹೇಳಿಧಂಗ ಬರಿ” ಎಂದು ಅವನು ಒಳಗೆ ಹೋದ. ನಾಲ್ಕು ಸಾಲಿನ ಕೆಳಗೆ ಅತ್ತೆ ಹೆಬ್ಬೆಟ್ಟು ಒತ್ತಿದಳು. ನನಗೆ ಅಳು ತಡೆಯಲಾಗಲಿಲ್ಲ. ನಮ್ಮ ಮರ್ಯಾದೆ ಉಳಿಸಲಿಕ್ಕೆಂದು ಅವಳ ಸುದ್ದಿ ಮುಚ್ಚಿಟ್ಟು ಅವಳನ್ನು ಕಟ್ಟೆಯ ಮೇಲೆ ಕೂರಿಸಿದ್ದೆವು.

ಆ ಹಾಳೆ ಪುರಸಭೆಗೆ ಹೋದ ಮೇಲೆ ಅದೇ ಓವರಸಿಯರ್ ಮತ್ತೆ ಬಂದ. ಅತ್ತೆ ಅಂಗಳ ಗುಡಿಸುತ್ತಿದ್ದಳು. ಹಿಂದಿನಿಂದ “ಅವ್ವಾರ” ಎಂದು ಎರಡು ಸಲ ಕರೆದ. ಅವಳು ತಿರುಗಲಿಲ್ಲ. ಆತ ಮೂರನೇ ಸಲ ಕರೆಯದೆ, ಸುತ್ತು ಹಾಕಿ ಅವಳ ಎದುರಿಗೆ ಬಂದು ನಿಂತು ಕೈಮುಗಿದ. ಟೇಪು ಹಿಡಿದು ರಸ್ತೆಗೆ ಗುರುತು ಹಾಕಿ ಹೋದ.

ಮಳೆಗಾಲಕ್ಕೆ ಮೊದಲು ಉಬ್ಬು ಬಂತು. ನಮ್ಮ ಓಣಿಯವರು ಅದಕ್ಕೆ ಹೊಲದ ಮಾತಿನಲ್ಲೇ ಒಡ್ಡು ಅಂದರು. ಅದು ಇರಬೇಕಾದ್ದಕ್ಕಿಂತ ಎತ್ತರವಾಗಿ, ತುಂಬಿದ ಲಾರಿ ಹಾಯ್ದರೆ ಅಡಿಗೆಮನೆಯ ಡಬ್ಬಿಗಳು ಅಲುಗುತ್ತಿದ್ದವು.

ಮೊದಲ ಬೆಳಿಗ್ಗೆ ಅತ್ತೆ ಹೊಸ ಕೊಡ ಹಿಡಿದು ಬಾಗಿಲ ಮುಂದಿನ ಹಾಸುಗಲ್ಲಿನ ಮೇಲೆ ಬರಿಗಾಲಲ್ಲಿ ನಿಂತಳು. ಅಪ್ಪ ಬೆನ್ನಿಗೇ ಇದ್ದ. ಬೇಲಿ ಮರೆಯ ಒಡ್ಡಿನ ಮೇಲೆ ಲಾರಿ ಧಡ್ ಎಂದಿತು. ಅತ್ತೆ ಕೆರೆಯ ಕಡೆ ನೋಡುತ್ತಲೇ, ಕತ್ತು ತಿರುಗಿಸದೆ, “ಲಾರಿ ಬಂತು” ಎಂದಳು.

ಅಪ್ಪ ಎದುರಿಗೆ ಬಂದು, ಹೇಗೆ ಗೊತ್ತಾಯಿತು ಎಂದು ಕೇಳಿದ.

“ಅಂಗಾಲಿಗೆ ಕೇಳಿಸ್ತು.”

ಲಾರಿ ಹೋಗುವವರೆಗೆ ಕಾದು, ಅವಳು ರಸ್ತೆ ದಾಟಿ ಕೆರೆಗೆ ಹೋದಳು. ಅಪ್ಪ ಚಪ್ಪಲಿ ಬಿಟ್ಟು ಅದೇ ಕಲ್ಲಿನ ಮೇಲೆ ಹತ್ತಿ, ಎರಡೂ ಕಿವಿಗಳನ್ನು ಕೈಯಿಂದ ಮುಚ್ಚಿಕೊಂಡು, ಮುಂದಿನ ಲಾರಿಗಾಗಿ ಕಾಯುತ್ತ ನಿಂತ.