ಮಡಚಿಟ್ಟ ಟವಲಿನ ವ್ಯಕ್ತಿತ್ವ

ಗೆಳೆಯರೇ, ಪೊಲೀಸರಿಗೆ ತಿಳಿಯುವ ಮುನ್ನ ನಾನೇ ಒಪ್ಪಿಕೊಳ್ಳುತ್ತೇನೆ: ಇಂದು ಬೆಳಿಗ್ಗೆ ಕೊಳ್ಳೇಗಾಲದಲ್ಲಿ, ಬೆಟ್ಟಕ್ಕೆ ಹೋಗುವ ಬಸ್ಸಿನ ಸೀಟಿನ ಮೇಲೆ ಯಾರೋ ಇಟ್ಟಿದ್ದ ಟವಲನ್ನು ಎತ್ತಿ ಪಕ್ಕಕ್ಕಿಟ್ಟು, ನಾನು ಕುಳಿತುಬಿಟ್ಟೆ.

ಹನೂರಿನ ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಹೇಳುವವನಾದ್ದರಿಂದ ಅಪರಾಧವೂ ಶಾಸ್ತ್ರೋಕ್ತವಾಗಿಯೇ ನಡೆಯಿತು. ‘ಕೂತ್ಕೋ’ ಎಂದಿತು ಒಳಗಿನ ಆಸೆ. ‘ತಪ್ಪು’ ಎಂದಿತು ನೀತಿ. ಇಬ್ಬರಿಗೂ ರಾಜಿ ಮಾಡಿಸಬೇಕಾದ ಅಹಂ ಟವಲನ್ನು ಪರೀಕ್ಷಿಸಿತು. ಉಳಿದವರೆಲ್ಲ ಕಿಟಕಿಯಿಂದ ಒಳಕ್ಕೆ ಟವಲು ಎಸೆದು ಸೀಟು ಹಿಡಿದಿದ್ದರೆ, ಇದನ್ನು ನಾಲ್ಕು ಮಡಿಕೆ ಮಾಡಿ, ಅಂಚು ಜೋಡಿಸಿ ಇಟ್ಟಿದ್ದರು. ಶಿಸ್ತು ಹೆಚ್ಚು, ಸಿಟ್ಟು ಕಡಿಮೆ, ಪಕ್ಕಾ ಅಂತರ್ಮುಖಿ, ಜಗಳಕ್ಕೆ ಬರುವವರಲ್ಲ. ಪಕ್ಕದವರಿಗೂ ಹೇಳಿದೆ: ‘ವಸ್ತು ನೋಡಿದರೆ ಸಾಕು, ಮನುಷ್ಯರನ್ನು ಓದಿಬಿಡುತ್ತೇನೆ.’

‘ಮಾತ್ರೆ ತಕಂಡು ಬರೋಷ್ಟ್ರಲ್ಲಿ ಟವಲ್ ಎತ್ದೋನು ಯಾವನ್ಲಾ? ತುಂಬಿದ ಬಸ್ರಿ ಅಜ್ಜೀಪುರ ಗಂಟ ನಿಂತ್ಕಂಡು ಓಗ್ಬೇಕಾ?’

ಬಾಗಿಲಲ್ಲಿ ಒಬ್ಬ ಅತ್ತೆ, ಹಿಂದೆ ಗರ್ಭಿಣಿ ಸೊಸೆ. ಬಸ್ಸಿನಲ್ಲಿ ಬೇರೆ ಸೀಟಿರಲಿಲ್ಲ. ನಾನು ಧಡಕ್ಕನೆ ಎದ್ದೆ.

‘ಇಷ್ಟು ನೀಟಾಗಿ ಮಡಚಿದವರು ಬಯ್ಯೋದಿಲ್ಲ ಅಂದ್ಕೊಂಡೆ ಅಮ್ಮಾ.’

‘ಮಡಚ್ದೋಳು ನನ್ ಸೊಸೆ ಕಣಪ್ಪ. ಬಯ್ಯೋಳು ನಾನು!’

ಸಿದ್ಧಾಂತ ಬದುಕಿತು! ‘ನೋಡಿದ್ರಾ, ಸರಿಯಾಗೇ ಓದಿದ್ದೆ’ ಎಂದು ಕಂಬಿ ಹಿಡಿದುಕೊಂಡೇ ಬೀಗಿದೆ.

ಆಗ ಸೊಸೆ ಕುಳಿತಲ್ಲಿಂದ ಮೆಲ್ಲಗೆ ಹೇಳಿದರು: ‘ಸಾ, ನಾನು ನಿಮ್ ಸ್ಟೂಡೆಂಟೇ. ಮೂರ್ ವರ್ಸ ಮುಂದಿನ್ ಬೆಂಚಲ್ಲೇ ಕೂತಿದ್ದೆ.’

‘ಗೊತ್ತಮ್ಮಾ, ಗೊತ್ತು’ ಎಂದೆ. ಗೊತ್ತಿರಲಿಲ್ಲ. ಇದನ್ನು ಟೈಪ್ ಮಾಡುವ ಈ ಹೊತ್ತಿಗೂ ಆ ಹುಡುಗಿಯ ಹೆಸರು ನೆನಪಾಗಿಲ್ಲ.